ಕರಿಯಮ್ಮನ ಆಳು ಸಿದ್ದ

“ಬೆನ್ನು ನೆಟ್ಗೆ ಮಾಡಮ್ಮಿ! ತುದೀಲಿ ಕುಂತವ್ಳೆ, ಕೋಳಿ ಕಾವ್ಗೆ ಕುಂತಂಗೆ. ಥೂ ನಿಮ್ ಜನ್ಮಕ್ಕಿಷ್ಟು! ಜೀವಮಾನಕ್ಕೊಂದ್ಸಲ ಕುರ್ಚಿ ಕೊಟ್ರೆ ಕುಂತ್ಕಳಕ್ಕೂ ಬರಲ್ವಲ್ಲೇ ಮುಂಡೆ!”

ಹೊಲದ ನಡುವೆ ಕುರ್ಚಿಯಲ್ಲಿ ಕೂರಿಸಿದ್ದ ಕರಿಯಮ್ಮನ ಮೇಲೆ ಹೀಗೆ ಕಿರುಚುತ್ತಿದ್ದ ಸಿದ್ದಮಲ್ಲಪ್ಪ ಊರಿನ ಅರ್ಧ ಹೊಲಗಳ ಒಡೆಯ. ಆದರೆ ಈ ಹೊತ್ತು ಅವನ ಮೈಮೇಲಿದ್ದದ್ದು ಒಂದು ತೂತು ಬನಿಯನ್, ಸೊಂಟದಲ್ಲಿ ಕರಿಯಮ್ಮನ ಗಂಡ ಚಿಕ್ಕಬೀರಯ್ಯನ ಖಾಕಿ ಚಡ್ಡಿ. ಚಿಕ್ಕಬೀರಯ್ಯನ ಹೊಟ್ಟೆಗೂ ಸಿದ್ದಮಲ್ಲಪ್ಪನ ಹೊಟ್ಟೆಗೂ ಅಜಗಜಾಂತರ. ಗುಂಡಿ ಕೂಡದೆ ಸೆಣಬಿನ ಹುರಿ ಬಿಗಿದಿದ್ದರು. ಬೆರಳಿನ ಚಿನ್ನದ ಉಂಗುರ ಎಷ್ಟು ಸೋಪು ಹಚ್ಚಿದರೂ ಕಳಚದ್ದರಿಂದ ಅದರ ಮೇಲೆ ಬಟ್ಟೆ ಸುತ್ತಿ, ಕೇಳಿದರೆ ಗಾಯ ಎನ್ನುವುದೆಂದು ತೀರ್ಮಾನವಾಗಿತ್ತು.

ಕರಿಯಮ್ಮ ಉಟ್ಟಿದ್ದು ಅವನ ಹೆಂಡತಿ ಗಂಗಾಂಬಿಕೆಯ ಜರಿಯಂಚಿನ ಸೀರೆ. ಗಂಗಾಂಬಿಕೆ ಅದನ್ನು ಕೈಗೆ ಕೊಡದೆ ದೂರದಿಂದ ಎಸೆದು, “ವಾಪಸ್ ಬ್ಯಾಡ, ನೀನೇ ಮಡಿಕ್ಕೊ” ಎಂದಿದ್ದಳು. ಇದನ್ನು ಔದಾರ್ಯ ಎಂದು ತಿಳಿಯುವವರು ತಿಳಿದುಕೊಳ್ಳಲಿ.

“ಇನ್ನೊಂದ್ಸಲ ಹೇಳು,” ಎಂದ ಸೋಮೇಶ. ಇವನು ಸಿದ್ದಮಲ್ಲಪ್ಪನ ತಂಗಿಯ ಮಗ, ಗುಂಡ್ಲುಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟು ಸರ್ಕಾರದ ಎಲ್ಲ ಯೋಜನೆಗಳನ್ನೂ ಅರೆದು ಕುಡಿದವನು. “ಇವ್ರ್ ಯಾರು?”

“ಬುದ್ದಿಯೋರು.”

ಸೋಮೇಶ ಹಣೆ ಚಚ್ಚಿಕೊಂಡ. “ಆಳು ಕಣಮ್ಮಿ, ಆಳು! ನಿನ್ ಆಳು ಸಿದ್ದ! ಅವ್ರ್‌ನ ಬುದ್ದಿ ಅಂದ್ಯೋ, ಕೆಟ್ಟೆ.”

“ನಾಲ್ಗೆ ಒರಳದಿಲ್ಲ ಸ್ವಾಮಿ,” ಎಂದಳು ಕರಿಯಮ್ಮ. ನಿಜವಾಗಿಯೂ ಹೊರಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹೊರಳಿಸಿದ್ದು ಒಂದೇ ಕಡೆಗೆ.

ಭೀಮನಬೀಡಿನಿಂದಾಚೆ, ಗುಡ್ಡದ ಬುಡದಲ್ಲಿರುವ ಈ ಹೊಲ ಕರಿಯಮ್ಮನ ಮಾವನಿಗೆ ಸರ್ಕಾರ ಮಂಜೂರು ಮಾಡಿದ್ದು. ಸಿದ್ದಮಲ್ಲಪ್ಪನ ಅಪ್ಪ ಒಂದು ಮುದಿ ಎತ್ತು ಕೊಟ್ಟು, ಅದರ ಬದಲಿಗೆ ಹೊಲ ಉಳತೊಡಗಿದ. ಎತ್ತು ಆ ವರ್ಷವೇ ಸತ್ತಿತು, ಉಳುವುದು ನಿಲ್ಲಲಿಲ್ಲ. ಇಂಥ ಜಮೀನನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂದು ಕಾನೂನಿದ್ದುದರಿಂದ ಪಹಣಿಯಲ್ಲಿ ಹೆಸರು ಮಾತ್ರ ಹಾಗೇ ಉಳಿದು, ಕುಡಿಯುವ ಮಗನನ್ನು ನಂಬದ ಮಾವನಿಂದ ನೇರ ಸೊಸೆ ಕರಿಯಮ್ಮನಿಗೆ ಬಂತು. ಹೆಸರು ಇವಳದು, ಅಲ್ಲಿ ಬೆಳೆದ ಚೆಂಡುಹೂವು ಸಿದ್ದಮಲ್ಲಪ್ಪನದು. ಕರಿಯಮ್ಮ ತನ್ನ ಹೊಲಕ್ಕೆ ತಾನೇ ಕೂಲಿಗೆ ಬರುತ್ತಿದ್ದಳು.

ಒಂದು ಸಲ ಚಿಕ್ಕಬೀರಯ್ಯ ಕುಡಿದ ಧೈರ್ಯದಲ್ಲಿ “ಬುದ್ದಿ, ನಮ್ ಒಲ ನಮ್ಗೆ ಬುಟ್ಕೊಡಿ” ಎಂದು ಕೇಳಿದ್ದ. ಸಿದ್ದಮಲ್ಲಪ್ಪ ಅವನ ತಲೆಯ ಮೇಲೆ ತನ್ನ ಎಕ್ಕಡ ಹೊರಿಸಿ ಊರೆಲ್ಲ ನಡೆಸಿದ. ಆಮೇಲೆ ತಿಂಗಳುಗಟ್ಟಲೆ ಅವರನ್ನು ಯಾರೂ ಕೂಲಿಗೆ ಕರೆಯಲಿಲ್ಲ, ಮಿಲ್ಲಿನವನು ರಾಗಿ ಬೀಸಿಕೊಡಲಿಲ್ಲ. ಹೊಲದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಈಗ ಹೊಲದಲ್ಲಿ ಮರ ಬೆಳೆಸುವವರಿಗೆ ಸರ್ಕಾರ ನೆರವು ಕೊಡುತ್ತಿದೆ. ಹೆಬ್ಬೇವಿನ ಸಸಿ, ಹನಿ ನೀರಾವರಿಯ ಪೈಪು, ಆನೆ ಹಂದಿ ಬರದಂತೆ ಸೋಲಾರ್ ಬೇಲಿ, ಎಲ್ಲ ಪುಕ್ಕಟೆ, ಆದರೆ ಪಹಣಿಯಲ್ಲಿ ಹೆಸರಿದ್ದವರಿಗೆ. ಸೋಮೇಶ ಕರಿಯಮ್ಮನ ಹೆಬ್ಬೆಟ್ಟು ಒತ್ತಿಸಿ ಎಲ್ಲ ತಂದ. ಬೇಲಿಯೂ ಎದ್ದಿತು. ಅಷ್ಟರಲ್ಲಿ ಹೋದ ವಾರ ಅರಣ್ಯ ಇಲಾಖೆಯ ಮೇಡಂ ಹೇಳದೆ ಕೇಳದೆ ಬಂದುಬಿಟ್ಟರು. ಪಂಪಿನ ಕೆಸರಿನಲ್ಲಿ ಅದ್ದಿಹೋಗಿದ್ದ ಸಿದ್ದಮಲ್ಲಪ್ಪನನ್ನು ತೋರಿಸಿ “ಇವರು ಯಾರು?” ಎಂದು ಕೇಳಿದಾಗ ಸೋಮೇಶನ ಬಾಯಿಂದ “ಇಲ್ಲಿನ ಆಳು ಮೇಡಂ, ಸಿದ್ದ” ಎಂದು ಬಂದುಹೋಯಿತು. ಬೇರೆ ಯಾರೋ ಉಳುತ್ತಿದ್ದಾರೆಂದು ತಿಳಿದರೆ ಬೇಲಿಯೂ ಇಲ್ಲ, ಹೊಲವೂ ಇಲ್ಲ. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಚಡ್ಡಿ ಹಾಕಿಸಬೇಕಲ್ಲ. ಇವತ್ತು ಮೇಡಂ ಮಾಲೀಕಳನ್ನು ಕಂಡು, ವಿಡಿಯೋ ಮಾಡಿಕೊಂಡು, ಬೇಲಿಯ ಬೀಗದ ಕೈ ಕೊಟ್ಟು ಹೋಗುವವರಿದ್ದರು.

ಮರ ಬೆಳೆದರೆ ಕಳೆ ಕೀಳುವವರು ಬೇಡ, ಹೂ ಬಿಡಿಸುವವರು ಬೇಡ. ಬೀಗ ಬಿದ್ದ ಮೇಲೆ ಈ ಮಣ್ಣಿಗೆ ಕೂಲಿಯಾಗಿಯೂ ಕಾಲಿಡಲು ಆಗುವುದಿಲ್ಲ ಎಂಬುದು ಕರಿಯಮ್ಮನಿಗೆ ಗೊತ್ತಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಜೀಪು ಬಂತು. ಇಳಿದ ರೂಪಶ್ರೀ ಮೇಡಂ ಹೊಸ ಹುರುಪಿನವರು. ಹೆಂಗಸೊಬ್ಬಳು ಮರ ಬೆಳೆಸುತ್ತಾಳೆಂದರೆ ಅವರಿಗೆ ಹಬ್ಬ. ಸಸಿ ನೆಡಲು ಬಂದಿದ್ದ ಲಕ್ಷ್ಮಿದೇವಿ ಮತ್ತಿತರ ಕೂಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಸಾಲಾಗಿ ನಿಂತರು. ನಗಬಾರದೆಂದು ಸೋಮೇಶ ತಾಕೀತು ಮಾಡಿದ್ದ. ಅದೇ ತಪ್ಪಾಯಿತು.

“ನಮಸ್ಕಾರ ಅಮ್ಮ! ನಿಮ್ಮನ್ನ ನೋಡಿ ತುಂಬಾ ಖುಷಿಯಾಯ್ತು.”

ಕರಿಯಮ್ಮ ಎದ್ದೇಬಿಟ್ಟಳು. ಸೋಮೇಶ ಕೆಮ್ಮಿದ. ಅವಳು ಕುಳಿತಳು.

“ಇವರು ಅವತ್ತು ನೋಡಿದ ಆಳಲ್ವಾ? ಪಾಪ, ಇಷ್ಟು ವಯಸ್ಸಾಗಿದೆ, ಇನ್ನೂ ದುಡೀತಾರಾ?”

ಎಲ್ಲರೂ ಕರಿಯಮ್ಮನ ಬಾಯನ್ನೇ ನೋಡಿದರು. ಸೋಮೇಶ ಹೇಳಿಕೊಟ್ಟ ಪಾಠ ಅವಳ ತಲೆಯಿಂದ ಹಾರಿಹೋಗಿತ್ತು. ಆದರೆ ಬೇರೊಂದು ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಒಡೆಯರು ಆಳುಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಅವಳಷ್ಟು ಕೇಳಿದವರು ಯಾರಿದ್ದಾರೆ?

“ಏನ್ ಮಾಡದು ಮೇಡಂ,” ಎಂದಳು. “ಬಂದು ಕಾಲಿಡ್ಕಂಡ. ಕರುಳು ಕೇಳ್ಬೇಕಲ್ಲ. ದುಡಿಯಾದು ಅಷ್ಟ್ರಲ್ಲೇ ಅದ. ತಿನ್ನಕ್ಕೆ ಮಾತ್ರ ಮುಂದು.”

ಲಕ್ಷ್ಮಿದೇವಿಯ ಸೆರಗಿನೊಳಗಿಂದ ಪುಸಕ್ಕನೆ ಸದ್ದು ಬಂತು. ಸಿದ್ದಮಲ್ಲಪ್ಪನ ಕಿವಿ ಕೆಂಪಗಾಯಿತು. ಮೇಡಂ ಅವನ ಹೊಟ್ಟೆಯನ್ನು ನೋಡಿ, ನಂಬಿದರು.

ಗಂಗಾಂಬಿಕೆ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು. ಅಡುಗೆಯವಳ ಪಾರ್ಟು ತನಗೆ ಬೇಡವೆಂದು ಬೆಳಗಿನಿಂದ ಅತ್ತವಳು, ಮೇಡಂಗೆ ಸ್ಟೀಲ್ ಲೋಟ, ಕರಿಯಮ್ಮನಿಗೆ ಪೇಪರ್ ಲೋಟ ಹಿಡಿದು ಬಂದಳು. ಮೇಡಂ ಸ್ಟೀಲ್ ಲೋಟವನ್ನು ಕರಿಯಮ್ಮನ ಕೈಗಿಟ್ಟು, “ಮೊದಲು ಯಜಮಾನಿ ಕುಡೀಲಿ” ಎಂದು ತಾವು ಪೇಪರ್ ಲೋಟ ತೆಗೆದುಕೊಂಡರು. ಗಂಗಾಂಬಿಕೆಯ ಮುಖ ಇಂಗು ತಿಂದ ಮಂಗನಂತಾಯಿತು. ಅದು ಅವಳ ತವರಿನ ಲೋಟ, ತಳದಲ್ಲಿ ಅವಳಪ್ಪನ ಹೆಸರು ಕೊರೆಸಿದ್ದು. ಕರಿಯಮ್ಮ ಲೋಟವನ್ನು ತುಟಿಗೆ ಕಚ್ಚಿಕೊಂಡೇ ಕುಡಿದಳು. ಸಕ್ಕರೆ ಸಾಲದು ಎಂದು ಹೇಳುವ ಆಸೆಯಾಯಿತು, ಹೇಳಿದಳು. ಗಂಗಾಂಬಿಕೆ ಸಕ್ಕರೆ ಹಾಕಿದಳು.

“ಈಗ ಮೊದಲನೇ ಸಸಿ. ಗುಂಡಿ ಯಾರು ತೋಡ್ತೀರಿ? ಸಿದ್ದ, ಬಾಪ್ಪ.” ಮೇಡಂ ಮೊಬೈಲು ಎತ್ತಿದರು.

ಸಿದ್ದಮಲ್ಲಪ್ಪ ಗುದ್ದಲಿ ಹಿಡಿದದ್ದು ಮನೆ ಕಟ್ಟುವಾಗಿನ ಪೂಜೆಗೆ. ಎತ್ತಿ ಹೊಡೆದ. ಗುದ್ದಲಿ ಕಲ್ಲಿಗೆ ತಾಗಿ ಠಣ್ಣೆಂದು ವಾಪಸ್ಸು ಬಂತು. ಇನ್ನೊಂದು ಏಟಿಗೆ ಹುರಿ ಸಡಿಲವಾಗಿ ಚಡ್ಡಿ ಜಾರಿತು. ಒಂದು ಕೈ ಚಡ್ಡಿಗೆ, ಒಂದು ಕೈ ಗುದ್ದಲಿಗೆ. ಹೆಂಗಸರ ಸಾಲು ಗೋಧಿ ಪೈರಿನ ಹಾಗೆ ಬಾಗಿ ಬಾಗಿ ಏಳತೊಡಗಿತು.

“ಅದೇನ್ಲಾ ಗುಂಡಿಯಾ? ಕೋಳಿ ಕೆರ್‍ದಂಗದ,” ಎಂದಳು ಕರಿಯಮ್ಮ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ಬಗ್ಗುಲಾ! ಬಗ್ಗುದ್ರೆ ಸೊಂಟ ಮುರ್‍ದೋದದಾ? ಉಣ್ಣಕ್ ಮಾತ್ರ ಬಗ್ತೀಯೆ!”

ಇದು ಅವನದೇ ಮಾತು, ಅವನದೇ ರಾಗ. ಸಿದ್ದಮಲ್ಲಪ್ಪ ಹಲ್ಲು ಕಡಿದು, ಬಗ್ಗಿಕೊಂಡೇ ಗೊಣಗಿದ. “ಲೌಡಿ, ಸಂಜೆ ಆಗ್ಲಿ ಇರು. ಎಕ್ಕಡ ನಿನ್ ತಲೆ ಮೇಲ್ ಮಡಗ್ತೀನಿ.”

“ಮೇಡಂ, ಬೈತಾವ್ನೆ.”

“ಏನಪ್ಪಾ ಇದು? ಅನ್ನ ಕೊಡೋ ಯಜಮಾನೀನ ಹಾಗೆಲ್ಲ ಅಂತಾರಾ? ಕ್ಷಮೆ ಕೇಳು.”

ಸಿದ್ದಮಲ್ಲಪ್ಪ ಸೋಮೇಶನ ಕಡೆ ನೋಡಿದ. ಸೋಮೇಶ ಬೇಲಿಯ ಕಡೆ ನೋಡಿದ, ಹೊಳೆಯುವ ಹೊಸ ತಂತಿಯ ಕಡೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

“ತಪ್ಪಾಯ್ತು... ಅಮ್ಮಾವ್ರೆ.”

ಹೆಂಗಸರ ನಗು ಒಮ್ಮೆಗೇ ನಿಂತುಹೋಯಿತು. ಲಕ್ಷ್ಮಿದೇವಿ ಸೆರಗು ಬಾಯಿಂದ ತೆಗೆದಳು. ಅವನ ಬಾಯಿಂದ ಆ ಮಾತು ಬರುತ್ತದೆಂದು ಯಾರೂ ತಿಳಿದಿರಲಿಲ್ಲ. ಸಂಜೆ ಏನಾಗುತ್ತದೆಂದು ಕರಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ಈಗ ಅದು ದುಪ್ಪಟ್ಟಾಗಿತ್ತು.

ಹೆಬ್ಬೇವಿನ ಸಸಿ ಮಣ್ಣಿಗಿಳಿಯಿತು. ಮೇಡಂ ಎಲ್ಲರಿಂದ ಚಪ್ಪಾಳೆ ಹೊಡೆಸಿ, ಬ್ಯಾಗಿನಿಂದ ಬೇಲಿಯ ಬೀಗದ ಕೈ ತೆಗೆದರು. ಮೊಬೈಲು ಇನ್ನೂ ಓಡುತ್ತಿತ್ತು.

“ದಿನಾ ಗೇಟು ತೆಗೆದು ಹಾಕೋದು ಯಾರು? ಕೀ ಯಾರ ಹತ್ರ ಇರುತ್ತೆ?”

“ಸಿದ್ದನ ಹತ್ರಾನೇ ಕೊಡಿ ಮೇಡಂ,” ಎಂದು ಸೋಮೇಶ ಮುಂದೆ ಬಂದ. “ನಂಬಿಕಸ್ತ. ಎಲ್ಲ ಅವನೇ ನೋಡ್ಕೊಳ್ತಾನೆ.”

ಸಿದ್ದಮಲ್ಲಪ್ಪ ಚಡ್ಡಿಯ ಕೈ ಬಿಟ್ಟು ಎರಡೂ ಕೈ ಚಾಚಿದ.

ಕರಿಯಮ್ಮ ಆ ಕೈಗಳನ್ನು ನೋಡಿದಳು. ಅವಳಿಗೆ ಭಯವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಇವತ್ತು ಸುಮ್ಮನಿದ್ದರೂ ಸಂಜೆಯ ಎಕ್ಕಡ ತಪ್ಪುವುದಿಲ್ಲ. ಹೊಲ ಮಾತ್ರ ಹೋಗಿರುತ್ತದೆ.

“ಕೊಡ್ಬೇಡಿ ಮೇಡಂ,” ಎಂದಳು.

“ಯಾಕಮ್ಮ?”

“ಅವ್ನು ನಾಳಿಂದ ಬರಲ್ಲ. ಕೆಲ್ಸದಿಂದ ಬುಡಿಸ್ಬುಟ್ಟೆ.”

ಸೋಮೇಶ “ಅಯ್ಯೋ, ತಮಾಷೆ ಮೇಡಂ, ತಮಾಷೆ” ಎಂದು ಹಲ್ಲು ಕಿರಿದ. ಕರಿಯಮ್ಮ ಅವನ ಕಡೆ ತಿರುಗಲಿಲ್ಲ.

“ತಮಾಸೆ ಅಲ್ಲ. ನಂಬಿಕೆ ಸಾಲ್ದು. ಇವ್ರಪ್ಪನ ಕಾಲ್ದಿಂದ್ಲೂ ಈ ಒಲ್ದಲ್ಲಿ ಕೈ ಉದ್ದ. ಒಲ ನಂದು, ಬೀಗ ನಂದು, ನಾನೇ ನೋಡ್ಕತೀನಿ. ಸಿದ್ದ, ನಾಳಿಂದ ಈ ಕಡೆ ತಲೆ ಹಾಕ್ಬೇಡ ಕಣ್ಲಾ.”

“ಯಾರ್ ಒಲ ಅಂತೀಯೇ ಬೇವಾರ್ಸಿ!” ಸಿದ್ದಮಲ್ಲಪ್ಪ ಸಿಡಿದುಬಿಟ್ಟ. “ಇದು ನಂದು! ನಮ್ಮಪ್ಪ ಉತ್ತಿದ್ದು, ನಾನ್ ಉತ್ತಿದ್ದು! ಇಂಚಿಂಚೂ ನಂದು!”

ಸೋಮೇಶ ಅವನ ಕಾಲನ್ನು ಬಲವಾಗಿ ತುಳಿದ. ತಡವಾಗಿತ್ತು. ಆದರೆ ರೂಪಶ್ರೀ ಮೇಡಂ ಮೊಬೈಲು ಇಳಿಸಿ, ಅವನ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

“ಹಾಗೇ ಅನ್ಸುತ್ತೆ ಕಣಪ್ಪ. ವರ್ಷಗಟ್ಟಲೆ ದುಡಿದೋರಿಗೆ ಭೂಮಿ ತಮ್ಮದೇ ಅನ್ಸುತ್ತೆ. ಏನು ಮಾಡೋಕಾಗುತ್ತೆ, ಪಹಣಿ ಅಮ್ಮಾವ್ರ ಹೆಸರಲ್ಲಿದೆ.”

ಸಿದ್ದಮಲ್ಲಪ್ಪ ಜಾರುತ್ತಿದ್ದ ಚಡ್ಡಿಯನ್ನು ಮತ್ತೆ ಹಿಡಿದುಕೊಂಡ. ಇನ್ನೊಂದು ಮಾತು ಹೆಚ್ಚಿಗೆ ಆಡಿದರೆ ಇದುವರೆಗೆ ಉತ್ತದ್ದರ ಲೆಕ್ಕವನ್ನೂ ಕೊಡಬೇಕಾಗುತ್ತಿತ್ತು. ಮೇಡಂ ಬೀಗದ ಕೈಯನ್ನು ಕರಿಯಮ್ಮನಿಗೆ ಕೊಟ್ಟು, ಬೇಲಿಗೆ ಕರೆಂಟು ಕೊಡುವ ಬ್ಯಾಟರಿಯ ಸ್ವಿಚ್ಚು ಹಾಕುವುದು, ತೆಗೆಯುವುದು ತೋರಿಸಿದರು.

“ನೀನು ಬೇಜಾರು ಮಾಡ್ಕೋಬೇಡಪ್ಪ. ಉದ್ಯೋಗ ಖಾತ್ರೀಲಿ ಕೂಲಿ ಕೊಡಿಸೋಕೆ ಪಂಚಾಯ್ತೀಲಿ ನಾನೇ ಮಾತಾಡ್ತೀನಿ. ಬಾ, ಹತ್ತು ಜೀಪು. ಊರಿಗೆ ಬಿಡ್ತೀನಿ.”

“ಬ್ಯಾಡ, ನಾನ್ ನಡ್ಕಂಡೇ...”

“ಸಂಕೋಚ ಬೇಡ. ಕೆಲಸ ಹೋದ ದಿನ ಬಿಸಿಲಲ್ಲಿ ಬೇರೆ ನಡೀಬೇಕಾ?”

ಚಾಲಕ ಅವನನ್ನು ಜೀಪಿನ ಹಿಂದೆ, ಸಸಿಗಳ ಖಾಲಿ ಕ್ರೇಟುಗಳ ನಡುವೆ ಕೂರಿಸಿದ. ಜೀಪು ಹೊರಟಿತು. ಸೋಮೇಶ ಬೈಕು ಹತ್ತಿ ಹಿಂದೆ ಓಡಿಸಿದ. ಬೈಕಿನ ಹಿಂದೆ ಗಂಗಾಂಬಿಕೆ ಕುಳಿತಿದ್ದಳು, ಫ್ಲಾಸ್ಕು ತಬ್ಬಿಕೊಂಡು. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಲಕ್ಷ್ಮಿದೇವಿ ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಳಿದವರೂ ನಕ್ಕರು. ಕರಿಯಮ್ಮ ನಗಲಿಲ್ಲ. ಗೇಟು ಎಳೆದು ಬೀಗ ಹಾಕಿ, ಜರಿಯಂಚಿನ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಗುದ್ದಲಿ ಎತ್ತಿಕೊಂಡಳು.

ಹೆಂಗಸರು ಎರಡು ಸಾಲು ನೆಟ್ಟು ಮುಗಿಸುವ ಹೊತ್ತಿಗೆ ಚಿಕ್ಕಬೀರಯ್ಯ ಏದುಸಿರು ಬಿಡುತ್ತಾ ಓಡಿಬಂದ. ಗೇಟಿನಾಚೆ ನಿಂತು ಬೇಲಿ ಮುಟ್ಟಲು ಹೆದರಿ, ಅಲ್ಲಿಂದಲೇ ಕೂಗಿದ.

“ಏನಮ್ಮಿ ಮಾಡ್ಬುಟ್ಟೆ? ಡೈರಿ ಮುಂದ ಇಳಿಸುದ್ರು ಅವ್ರ್‌ನ! ಮೇಡಂ ಊರೋರ್‍ಗೆಲ್ಲ ಕೈ ಮುಗ್ದು, ಪಾಪದೋನು, ಯಾರಾರ ಕೆಲ್ಸ ಕೊಡಿ ಅಂದ್ರಂತೆ! ಊರೆಲ್ಲ ನೋಡ್ತು.”

ಕರಿಯಮ್ಮ ಹೋಗಿ ಗೇಟು ತೆಗೆದಳು. ಅವನು ಒಳಗೆ ಬಂದ. ತನ್ನ ಅಪ್ಪನ ಹೊಲದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲ್ಲೇ ಸುತ್ತಿದ.

“ಟ್ರ್ಯಾಕ್ಟರ್‍ಗೆ ಜನ ತುಂಬ್ತಾವ್ರೆ ಕಣಮ್ಮಿ. ದೊಣ್ಣೆ ತಕ್ಕಂಡವ್ರೆ. ಬತ್ತಾವ್ರೆ.”

ಗುಡ್ಡದ ತಿರುವಿನಾಚೆ ಟ್ರ್ಯಾಕ್ಟರಿನ ಸದ್ದು ಆಗಲೇ ಕೇಳಿಸುತ್ತಿತ್ತು. ಕೂಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಗೇಟಿನ ಕಡೆ ಹೋಗಲಿಲ್ಲ. ಕರಿಯಮ್ಮ ಮತ್ತೆ ಬೀಗ ಹಾಕಿ, ಬ್ಯಾಟರಿಯ ಸ್ವಿಚ್ಚು ಒತ್ತಿ ಬಂದು, ಗಂಡನ ಕೈಗೆ ಗುದ್ದಲಿ ಕೊಟ್ಟಳು.

“ಬರ್ಲಿ ಬುಡು,” ಎಂದಳು. “ಬಂದೋರ್‍ಗೆಲ್ಲ ಒಂದೊಂದು ಗುದ್ಲಿ ಕೊಡನ. ತೋಡದು ಇನ್ನೂ ಬಾಳ ಅದ.”