ಬೋರಮ್ಮನ ಬೈಗುಳ

ತಿಪಟೂರಿನಲ್ಲಿ ಭುವನ್ ಎಂದರೆ ಯಾರಿಗೂ ಗೊತ್ತಾಗದ, ಎಂ.ಸಿ. ಕರಟ ಎಂದರೆ ಚಿಕ್ಕ ಮಕ್ಕಳೂ ತಿರುಗಿ ನೋಡುವ ಕಾಲವೊಂದಿತ್ತು. ಮೂರು ವರ್ಷದ ಹಿಂದೆ ಅವನ 'ಬಾಯಿಗ್ ಮಣ್ಣಾಕ' ಎಂಬ ರ‍್ಯಾಪ್ ಹಾಡು ಯೂಟ್ಯೂಬಿನಲ್ಲಿ ಕೋಟಿ ದಾಟಿತ್ತು. ಮದುವೆ ಮನೆಯ ಡಿಜೆಯಲ್ಲಿ, ಕಾಲೇಜ್ ಡೇಗಳಲ್ಲಿ, ಆಟೋಗಳಲ್ಲಿ ಅದೇ ಹಾಡು. ಅವನು ಬರೆದ ಪದಗಳು ಯಾರ ಬಾಯಲ್ಲೂ ಉಳಿಯಲಿಲ್ಲ. ಉಳಿದದ್ದು ನಡುನಡುವೆ ಬರುವ ಒಬ್ಬ ಮುದುಕಿಯ ಧ್ವನಿ: "ಹೋಗಲಾ, ನಿನ್ ಬಾಯಿಗ್ ಮಣ್ಣಾಕ!"

ಆ ಧ್ವನಿ ಬೋರಮ್ಮನದು. ಭುವನ್‌ನ ಅಪ್ಪ ಮಲ್ಲಿಕಾರ್ಜುನಯ್ಯನವರ ಕೊಬ್ಬರಿ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದ ಹೆಂಗಸು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಆಕೆ ಯಾರಿಗೋ ಬೈಯುತ್ತಿದ್ದಾಗ, ಆಫೀಸ್ ರೂಮಿನ ಕಿಟಕಿಯಲ್ಲಿ ನಿಂತಿದ್ದ ಭುವನ್ ಫೋನಿನಲ್ಲಿ ಅದನ್ನು ಹಿಡಿದುಕೊಂಡಿದ್ದ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಬೀಟಿನ ಮೇಲೆ ಕೂರಿಸಿದ. ಆಕೆಯನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಹಾಡು ಓಡಿದಂತೆಲ್ಲ ಬೋರಮ್ಮನಿಗೆ ಬೀದಿಯಲ್ಲಿ ಕಾಲಿಡುವುದು ಕಷ್ಟವಾಯಿತು. ಹುಳಿಯಾರಿನ ಸಂತೆಯಲ್ಲಿ ಹುಡುಗರು ಫೋನ್ ಹಿಡಿದು ಹಿಂದೆ ಬಿದ್ದರು. "ಅಜ್ಜಿ, ಒಂದ್ಸಲ ಬೈಯಿ ಅಜ್ಜಿ." ಆಕೆ ಸಂತೆ ಬಿಟ್ಟಳು. ಆಮೇಲೆ ಮಂಡಿಯನ್ನೂ ಬಿಟ್ಟಳು. ಮಹಿಳಾ ಸಂಘದವರು ದೂರು ಕೊಟ್ಟಾಗ ಭುವನ್ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಇಂಟರ್‌ವ್ಯೂನಲ್ಲಿ ಹೇಳಿದ: "ಆಯಮ್ಮನ್ನ ಫೇಮಸ್ ಮಾಡಿದ್ದೇ ನಾನು. ನಂಗೆ ಥ್ಯಾಂಕ್ಸ್ ಹೇಳ್ಬೇಕು."

ಅವನನ್ನು ಮುಳುಗಿಸಿದ್ದು ಆ ಮಾತು. ಕಾಲೇಜುಗಳು ಕಾರ್ಯಕ್ರಮ ರದ್ದು ಮಾಡಿದವು. ಸಿನಿಮಾದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಮ್ಯಾನೇಜರ್ ಬರೆದುಕೊಟ್ಟ ಕ್ಷಮಾಪಣೆಯನ್ನು ಓದಿ ವಿಡಿಯೊ ಹಾಕಿದ. ಜನ ಅದನ್ನೂ ಆಡಿಕೊಂಡು ನಕ್ಕರು. ಒಂದೂವರೆ ವರ್ಷ ಹೇಗೋ ತಳ್ಳಿ, ಕೊನೆಗೆ ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಬಂದ. ಅಪ್ಪ ಬೈಯಲಿಲ್ಲ, ಏನೂ ಕೇಳಲೂ ಇಲ್ಲ. "ತೋಟದ ಮೋಟ್ರು ಸುಟ್ಟೋಗದೆ. ಗಂಗಾಧರನ ಅಂಗ್ಡೀಲಿ ವೈಂಡಿಂಗಿಗೆ ಕೊಟ್ಟೀನಿ, ತಗಂಬಾ ಹೋಗು" ಎಂದಷ್ಟೇ ಹೇಳಿದರು.

ಭುವನ್ ಹೋದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹಿಂದಿನ ತಗಡಿನ ಶೆಡ್ಡಿನಿಂದ ಸದ್ದು ಬರುತ್ತಿತ್ತು. ಲೋಡಾದ ಲಾರಿ ಫಸ್ಟ್ ಗೇರಿನಲ್ಲಿ ದಿಬ್ಬ ಹತ್ತುವಂತೆ ಭಾರವಾದ, ನಿಧಾನದ ಸದ್ದು. ಎದೆಗೂಡಿನ ಒಳಗಿನಿಂದ ಯಾರೋ ತಟ್ಟಿದಂತಾಗಿ ಅವನು ನಿಂತಲ್ಲೇ ನಿಂತ. ಬಾಗಿಲು ತಳ್ಳಿ ನೋಡಿದರೆ ಗಂಗಾಧರನ ಮಗಳು ಧನ್ಯಶ್ರೀ, ವಾರ್ನಿಷ್ ಮೆತ್ತಿದ ಕೈಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದಳು. ಹಗಲೆಲ್ಲ ಅಪ್ಪನ ಜೊತೆ ಮೋಟಾರಿಗೆ ತಾಮ್ರದ ತಂತಿ ಸುತ್ತುವವಳು. ಪಕ್ಕದಲ್ಲಿದ್ದ ಆಂಪ್ಲಿಫೈಯರನ್ನೂ ಅವಳೇ ಕಟ್ಟಿದ್ದಳು. ಡ್ರಮ್ಸಿನ ಹಿಂದೆ ಅಮ್ಮಸಂದ್ರದ ಯೋಗೀಶ್, ಬಾಸ್ ಗಿಟಾರಿನಲ್ಲಿ ಬಸವಕುಮಾರ್. ತೋಟಗಳಿಗೆ ತ್ರೀ ಫೇಸ್ ಕರೆಂಟ್ ಬಿಡುವ ಹೊತ್ತಿಗೇ ಅವರಿಗೂ ಬಿಡುವು ಸಿಗುತ್ತಿದ್ದುದರಿಂದ ಮೆಟಲ್ ಎಂಬ ಅಬ್ಬರದ ಸಂಗೀತ ನುಡಿಸುವ ತಮ್ಮ ಬ್ಯಾಂಡಿಗೂ 'ತ್ರೀ ಫೇಸ್' ಎಂದೇ ಹೆಸರಿಟ್ಟಿದ್ದರು.

"ಹಾಡೋರು ಯಾರು?" ಎಂದು ಕೇಳಿದ ಭುವನ್.

"ಯಾರೂ ಇಲ್ಲ. ಹಾಡ್ತಿದ್ದೋನು ದುಬೈಗೋದ" ಎಂದ ಯೋಗೀಶ್.

"ನಾನು ಟ್ರೈ ಮಾಡ್ಲಾ?"

ಧನ್ಯಶ್ರೀ ಗಿಟಾರನ್ನು ಪಕ್ಕಕ್ಕಿಟ್ಟಳು. "ನೀವ್ಯಾರು ಅಂತ ಗೊತ್ತು ಕಣ್ರೀ. ನಾನ್ಯಾರು ಅಂತ ನಿಮ್ಗೊತ್ತಿಲ್ಲ. ಬೋರಮ್ಮ ನಮ್ಮಮ್ಮನ ಅಮ್ಮ."

ಭುವನ್ ಏನು ಹೇಳಲು ಹೊರಟರೂ ಅದು ಆ ಕ್ಷಮಾಪಣೆ ವಿಡಿಯೊದ ಮಾತೇ ಆಗುತ್ತಿತ್ತು.

"ಮೊದ್ಲು ಹಾಲ್ಕುರಿಕೆಗೆ ಹೋಗಿ ನಮ್ಮಜ್ಜೀನ ನೋಡಿ ಬನ್ನಿ," ಎಂದಳು ಧನ್ಯಶ್ರೀ. "ಫೋನ್ ಹಿಡ್ಕಂಡು ಹೋಗ್ಬೇಡಿ. ಅವ್ಳು ಹೂಂ ಅಂದ್ರೆ ಆಮೇಲೆ ನೋಡಣ."

ಮೋಟಾರನ್ನು ತೋಟಕ್ಕೆ ಮುಟ್ಟಿಸಿ, ಮೂರು ದಿನ ಹೋಗಲೋ ಬೇಡವೋ ಎಂದು ಒದ್ದಾಡಿ, ನಾಲ್ಕನೆಯ ದಿನ ಬೆಳಗ್ಗೆ ಭುವನ್ ಬೈಕ್ ಹತ್ತಿದ. ಬೋರಮ್ಮ ಮನೆ ಮುಂದೆ ಕೂತು ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ಅವನನ್ನು ಕಂಡು ಕತ್ತಿಯನ್ನು ಕೆಳಗಿಡಲಿಲ್ಲ, ಒಳಗೂ ಎದ್ದು ಹೋಗಲಿಲ್ಲ.

"ತಪ್ಪಾಯ್ತು ಅಜ್ಜಿ."

"ವಿಡಿಯೋದಲ್ಲಿ ಹೇಳ್ದಲ್ಲಪ್ಪ."

"ಅದು ಯಾರೋ ಬರ್ಕೊಟ್ಟಿದ್ದು. ಇದು ನಾನೇ ಹೇಳ್ತಿರೋದು."

ಬೋರಮ್ಮ ಇನ್ನೊಂದು ಗರಿ ಎಳೆದುಕೊಂಡಳು. "ಆ ಹಾಡು ಇನ್ನೂ ಐತಾ?"

"ಇದೆ."

"ತೆಗೆದಾಕು."

ಭುವನ್‌ಗೆ ಉಳಿದಿದ್ದ ಹೆಸರೆಲ್ಲ ಆ ಒಂದು ಹಾಡಿನದು. ಇಂದಲ್ಲ ನಾಳೆ ಯಾರಾದರೂ ಕರೆದರೆ ಅದರಿಂದಲೇ ಕರೆಯಬೇಕು. ಫೋನ್ ಹಿಡಿದು ಹೋಗಬೇಡಿ ಎಂದು ಧನ್ಯಶ್ರೀ ಹೇಳಿದ್ದರಿಂದ ಅದು ಬೈಕಿನ ಪೆಟ್ಟಿಗೆಯಲ್ಲಿತ್ತು. ಹೋಗಿ ತಂದು, ಆಕೆಯ ಪಕ್ಕದಲ್ಲಿ ಕೂತು, ಪರದೆಯ ಮೇಲಿನ ಹಾಡನ್ನು ತೋರಿಸಿ ಅಳಿಸಿದ. ಬೆರಳು ಒತ್ತುವ ಮುಂಚೆ ಒಂದು ಗಳಿಗೆ ತಡೆಯಿತು. ಆಕೆಯೂ ಅದನ್ನು ಗಮನಿಸಿದಳು.

"ಇನ್ ಯಾರ ಫೋನಲ್ಲೂ ಇರಾಕಿಲ್ವ?"

"ಇರುತ್ತೆ ಅಜ್ಜಿ. ಬೇರೆಯವ್ರು ಇಟ್ಕಂಡಿರೋದನ್ನ ನನ್ ಕೈಲಿ ತೆಗಿಯಕ್ಕಾಗಲ್ಲ."

"ದಿಟ ಹೇಳ್ದೆ ಬುಡು," ಎಂದಳು ಬೋರಮ್ಮ. ಆಮೇಲೆ ತಾನಾಗಿಯೇ ಮಾತು ತೆಗೆದಳು. "ಊರೋರೆಲ್ಲ ಆ ಬೈಗುಳ ಕೇಳಿ ನಕ್ರು. ಯಾಕ್ ಬೈದೆ ಅಂತ ಒಬ್ರಾದ್ರೂ ಕೇಳುದ್ರಾ? ನೀನು ಕೇಳ್ದೇನಪ್ಪ?"

"ಇಲ್ಲ."

"ಅವತ್ತು ಕಾಯಿ ಒಡೆಯೋವಾಗ ಒಂದು ಹುಡ್ಗಿ ಬೆರಳು ಕುಯ್ಕಂಡ್ಳು. ತೋರುಬೆರಳು, ಮೂಳೆ ಕಾಣೋ ಹಂಗೆ. ಮಂಡಿ ಲೆಕ್ಕ ಬರಿಯೋ ರೈಟ್ರು ಶಿವಣ್ಣ ಬಂದು, ಬಟ್ಟೆ ಸುತ್ಕಂಡು ಕೆಲ್ಸಕ್ಕೆ ಕೂತ್ಕೊ, ಸಂಜೆಗೆ ಲೋಡ್ ಹೋಗ್ಬೇಕು ಅಂದ. ಅವನಿಗೆ ಬೈದೆ ಕಣಪ್ಪ. ಬೈದು ಆ ಹುಡ್ಗೀನ ಆಸ್ಪತ್ರೆಗೆ ಕರ್ಕಂಡೋದೆ. ನೀನು ನಾನ್ ಬೈದಿದ್ದಷ್ಟೇ ಮಡಿಕಂಡೆ."

ಆ ದಿನ ಕಿಟಕಿ ಬಿಟ್ಟು ಶೆಡ್ಡಿನ ಕಡೆ ಎರಡು ಹೆಜ್ಜೆ ಬಂದಿದ್ದರೆ ಭುವನ್‌ಗೆ ಆ ಹುಡುಗಿಯೂ ಕಾಣುತ್ತಿದ್ದಳು. ಅವನು ಕೇಳಿದ: "ಇದನ್ನ ಹಾಡು ಮಾಡ್ಲಾ ಅಜ್ಜಿ?"

"ಈಗ ಕೇಳೋದ್ ಕಲ್ತೆ," ಎಂದಳು ಬೋರಮ್ಮ. ಮುಖದಲ್ಲಿ ನಗು ಇರಲಿಲ್ಲ, ಕೋಪವೂ ಇರಲಿಲ್ಲ. "ನನ್ ಹೆಸ್ರು ಬ್ಯಾಡ, ನನ್ ಧ್ವನಿ ಬ್ಯಾಡ. ಯಾಕ್ ಬೈದೆ ಅನ್ನೋದ್ ಮಾತ್ರ ಬರಿ. ಆ ಹುಡ್ಗೀನೂ ಒಂದ್ ಮಾತು ಕೇಳು. ತುರುವೇಕೆರೆ ಕಡೆಗೆ ಮದ್ವೆಯಾಗವ್ಳೆ."

ಅವನು ತುರುವೇಕೆರೆಗೂ ಹೋದ. ಆ ಹೆಣ್ಣುಮಗಳು ಮಡಚಲಾಗದ ಬೆರಳು ತೋರಿಸಿ, "ಬರೀರಿ ಅಣ್ಣ, ಹೆಸ್ರು ಹಾಕ್ಬೇಡಿ" ಎಂದಳು.

ಅಜ್ಜಿ ಒಪ್ಪಿದ್ದು ತಿಳಿದು ಧನ್ಯಶ್ರೀಯೂ ಹೂಂ ಎಂದಳು. ಶೆಡ್ಡಿನಲ್ಲಿ ಅಭ್ಯಾಸ ಶುರುವಾದಾಗ ಭುವನ್‌ಗೆ ತನಗೆ ಏನೂ ಬರುವುದಿಲ್ಲ ಎಂಬುದು ಗೊತ್ತಾಯಿತು. ಅವನು ಕಲಿತಿದ್ದೆಲ್ಲ ನಾಲ್ಕು ಪೆಟ್ಟಿನ ತಾಳದ ಲೆಕ್ಕ. ಯೋಗೀಶ್ ಏಳರಲ್ಲಿ ಬಾರಿಸುತ್ತಿದ್ದ. ಭುವನ್ ಸಾಲು ಮುಗಿಸುವ ಹೊತ್ತಿಗೆ ಡ್ರಮ್ಸು ಎಲ್ಲೋ ಮುಂದೆ ಹೋಗಿರುತ್ತಿತ್ತು. ಕಿರುಚಿ ಹಾಡಲು ಹೋಗಿ ಮೊದಲ ವಾರವೇ ಗಂಟಲು ಕೂತುಹೋಯಿತು. ಐದು ದಿನ ಬಿಸಿನೀರು, ಸನ್ನೆ ಭಾಷೆ.

"ಗಂಟ್ಲಿಂದ ಕೂಗ್ಬೇಡ, ಹೊಟ್ಟೆಯಿಂದ ಕೂಗು," ಎನ್ನುತ್ತಿದ್ದಳು ಧನ್ಯಶ್ರೀ. ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. "ಮತ್ತೆ ಇಷ್ಟೊಂದು ಪದ ಯಾಕೆ ತುಂಬ್ತೀಯ? ಗಿಟಾರ್‌ಗೂ ಸ್ವಲ್ಪ ಮಾತಾಡಕ್ ಬುಡು."

ರ‍್ಯಾಪಿನಲ್ಲಿ ಉಸಿರಾಡಲೂ ಜಾಗ ಬಿಡದೆ ಪದ ತುಂಬುವುದೇ ಜಾಣತನ ಎಂದುಕೊಂಡಿದ್ದವನು ಸಾಲು ಹೊಡೆದುಹಾಕಲು ಕೂತ. ನಲವತ್ತೆಂಟು ಸಾಲಿನ ಹಾಡು ಹತ್ತೊಂಬತ್ತು ಸಾಲಿಗಿಳಿಯಿತು. ಮೊದಲು ಪಿಸುಮಾತಿನಂಥ ರ‍್ಯಾಪ್, ಆಮೇಲೆ ಗಿಟಾರ್ ಒಂದೇ, ಬೆರಳು ಕೊಯ್ದ ಗಳಿಗೆಯಲ್ಲಿ ಹೊಟ್ಟೆಯಿಂದ ಎದ್ದುಬರುವ ಕೂಗು. ಅದು ಮೊದಲ ಸಲ ಸರಿಯಾಗಿ ಕೂತ ದಿನ ಬಸವಕುಮಾರ್ ಬಾಸ್ ಕೆಳಗಿಟ್ಟು ಹೊರಗೆ ಹೋಗಿ ನಾಲ್ಕು ಎಳನೀರು ತಂದ. ಭುವನ್‌ಗೆ ಅಷ್ಟೇ ಸಾಕಾಯಿತು.

ಹಾಡಿನಲ್ಲಿದ್ದ ಮಂಡಿ ತಮ್ಮದೇ. ಯಾರ ಬಾಯಿಂದಲೋ ಗೊತ್ತಾಗುವ ಮುಂಚೆ ಭುವನ್ ಅದನ್ನು ಅಪ್ಪನ ಮುಂದೆ ಓದಿದ. ಮಲ್ಲಿಕಾರ್ಜುನಯ್ಯ ಪೂರ್ತಿ ಕೇಳಿ ಎದ್ದು ಹೋದರು. ಒಂಬತ್ತು ದಿನ ಮಗನ ಜೊತೆ ಮಾತಿಲ್ಲ. ಹತ್ತನೆಯ ದಿನ ಊಟಕ್ಕೆ ಕೂತಾಗ ಕೇಳಿದರು: "ಆ ಹುಡ್ಗಿ ಯಾರ ಮಗಳ್ಲಾ?"

ಭುವನ್ ಹೇಳಿದ.

"ಅವತ್ತು ನಾನು ಕೊಬ್ಬರಿ ಹರಾಜಿಗೆ ಹೋಗಿದ್ದೆ. ಯಾರೂ ನಂಗೆ ಹೇಳ್ಲಿಲ್ಲ."

"ನಾನು ಅಲ್ಲೇ ಇದ್ದೆ ಅಪ್ಪ. ನಾನೂ ಕೇಳ್ಲಿಲ್ಲ."

ಮಲ್ಲಿಕಾರ್ಜುನಯ್ಯ ತಟ್ಟೆ ಸರಿಸಿದರು. "ಶಿವಣ್ಣನ್ನ ಕೇಳ್ದೆ. ಹೌದು ಅಂದ. ನಾಳಿದ್ದು ಅವನ್ನೂ ಕರ್ಕಂಡು ತುರುವೇಕೆರೆಗೆ ಹೋಗ್ಬತ್ತೀನಿ. ನೀನು ಹಾಡ್ಕೊ. ಇಲ್ದಿದ್ದು ಸೇರಿಸ್ಬೇಡ, ಇರೋದನ್ನ ಬಿಡ್ಬೇಡ."

ತ್ರೀ ಫೇಸ್‌ಗೆ ಎಂ.ಸಿ. ಕರಟ ಸೇರಿದ ಸುದ್ದಿ ಹೊರಬಿದ್ದಾಗ ಎರಡೂ ಕಡೆಯವರು ಉಗಿದರು. ಕೂದಲು ಬಿಟ್ಟುಕೊಂಡು ಕಿರುಚಲು ಹೋದ ಎಂದರು ಹಿಪ್ ಹಾಪ್ ಹುಡುಗರು. ಕಳ್ಳ ರ‍್ಯಾಪರ್‌ಗೆ ಮೆಟಲ್‌ನಲ್ಲಿ ಏನು ಕೆಲಸ ಎಂದರು ಮೆಟಲ್‌ನವರು. ಆದರೂ ಬೆಂಗಳೂರಿನ ಒಂದು ಮೆಟಲ್ ಹಬ್ಬದಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಸಿಕ್ಕಿತು.

ಬಿಸಿಲು ನೆತ್ತಿಯ ಮೇಲಿತ್ತು. ಮೈದಾನದಲ್ಲಿ ಕಪ್ಪು ಟೀ ಶರ್ಟಿನ ಮುನ್ನೂರು ಜನ ಇದ್ದಿರಬಹುದು. ಭುವನ್ ಮೈಕ್ ಹಿಡಿದದ್ದೇ ತಡ, ಹಿಂದಿನಿಂದ ಕೂಗು ಶುರುವಾಯಿತು. "ಮಣ್ಣಾಕ! ಮಣ್ಣಾಕ!" ನಗು ಸೇರಿತು, ಚಪ್ಪಾಳೆ ಸೇರಿತು. ಒಂದು ಸಲ ಅದೇ ಕೂಗಿಗೆ ಅವನ ರೋಮ ಎದ್ದು ನಿಲ್ಲುತ್ತಿತ್ತು. ಈಗ ಸಂತೆಯಲ್ಲಿ ತಲೆಮೇಲೆ ಸೆರಗೆಳೆದುಕೊಂಡು ಹೋಗುವ ಹೆಂಗಸೊಬ್ಬಳು ಕಣ್ಣ ಮುಂದೆ ಬಂದಳು. ಕೂಗು ತಗ್ಗುವವರೆಗೂ ಕಾದ.

"ಆ ಧ್ವನಿ ನಂದಲ್ಲ," ಎಂದ. "ಕೇಳ್ದೆ ತಗೊಂಡಿದ್ದೆ. ವಾಪಸ್ ಕೊಟ್ಟಿದ್ದೀನಿ. ಅದನ್ನ ನಾನು ಇನ್ನು ಹಾಡಲ್ಲ. ಆ ಬೈಗುಳ ಯಾಕೆ ಬಂತು ಅನ್ನೋದು ಈ ಹಾಡಲ್ಲಿದೆ. ಬೇಕಾದವ್ರು ಕೇಳಿ."

ನೀರಿನ ಬಾಟಲಿಯೊಂದು ಹಾರಿ ಬಂದು ಅವನ ಪಾದದ ಹತ್ತಿರ ಬಿತ್ತು. ಇನ್ನೊಂದು ಬರುವ ಮುಂಚೆ ಧನ್ಯಶ್ರೀ ತಂತಿ ಮೀಟಿದಳು. ಆ ಭಾರದ ಸದ್ದು ನೆಲ ಹಿಡಿದು ಹೊರಟಿತು. ಯೋಗೀಶ್‌ನ ಏಳರ ಪೆಟ್ಟಿನಲ್ಲಿ ಭುವನ್ ಒಂದೂ ತಪ್ಪಲಿಲ್ಲ. ಹಿಂದಿನ ಕೆಲವರು ಬಿಸಿಲೆಂದೋ ಬೇಸರವೆಂದೋ ಎದ್ದು ಹೋದರು. ಮುಂದಿದ್ದವರು ಮೊದಲು ಕೈಕಟ್ಟಿ ನಿಂತಿದ್ದರು. ಪಿಸುಮಾತಿನ ಸಾಲುಗಳು ಬಂದಾಗ ಹತ್ತಿರ ಬಂದರು. ಕೂಗು ಎದ್ದಾಗ ಭುವನ್‌ಗೆ ತನ್ನ ಧ್ವನಿಯೇ ಗುರುತು ಸಿಗಲಿಲ್ಲ. ಅದು ನಿಂತ ಮೇಲೆ ಮುಂದಿನ ಸಾಲಿನ ಅರವತ್ತೋ ಎಪ್ಪತ್ತೋ ಜನ ಕೈ ಮೇಲೆತ್ತಿದರು. ಯೂಟ್ಯೂಬಿನ ಕೋಟಿಯ ಮುಂದೆ ಅದೊಂದು ಸಂಖ್ಯೆಯೇ ಅಲ್ಲ, ಆದರೆ ಒಬ್ಬೊಬ್ಬರ ಮುಖವೂ ಅವನಿಗೆ ಕಾಣುತ್ತಿತ್ತು.

ವೇದಿಕೆ ಇಳಿದು ಬೆವರು ಒರೆಸಿಕೊಳ್ಳುವಾಗ ಧನ್ಯಶ್ರೀಯ ಫೋನ್ ಹೊಡೆದುಕೊಂಡಿತು. ಅವಳು ಅದನ್ನು ಭುವನ್ ಕೈಗೆ ಕೊಟ್ಟಳು.

"ಏನಾಯ್ತಪ್ಪ?" ಎಂದಳು ಆ ಕಡೆಯಿಂದ ಬೋರಮ್ಮ.

"ಬಾಟ್ಲು ಎಸೆದ್ರು ಅಜ್ಜಿ."

"ತಗುಲ್ತಾ?"

"ಇಲ್ಲ."

"ಕೂತು ಕೇಳುದ್ರಾ?"

"ನಿಂತ್ಕಂಡು ಕೇಳುದ್ರು. ಸುಮಾರು ಜನ."

"ಸರಿ ಬುಡು. ಉಂಡ್ಕಂಡ್ ಬರ್ರಿ" ಎಂದು ಆಕೆ ಫೋನ್ ಇಟ್ಟಳು.

ಅಷ್ಟರಲ್ಲಿ ಹಾಸನದ ಕಾಲೇಜೊಂದರಲ್ಲಿ ಸಂಗೀತ ಕಾರ್ಯಕ್ರಮ ನಡೆಸುವವನೊಬ್ಬ ಬಂದು ಮುಂದಿನ ತಿಂಗಳು ಬರುತ್ತೀರಾ ಎಂದು ಕೇಳಿದ. ಮುಕ್ಕಾಲು ಗಂಟೆ ಹಾಡಬೇಕು ಎಂದ. ನಾಲ್ವರೂ ಮುಖ ಮುಖ ನೋಡಿಕೊಂಡರು. ಅವರ ಹತ್ತಿರ ಇದ್ದದ್ದು ಇಪ್ಪತ್ತೇ ನಿಮಿಷದ ಹಾಡು.

"ಬತ್ತೀವಿ," ಎಂದಳು ಧನ್ಯಶ್ರೀ.

ತುಮಕೂರು ದಾಟುವಷ್ಟರಲ್ಲಿ ಯೋಗೀಶ್ ಕಾರಿನ ಸೀಟಿನ ಮೇಲೆ ಹೊಸದೊಂದು ತಾಳ ಬಡಿಯುತ್ತಿದ್ದ. ಇದು ಎಷ್ಟರ ಲೆಕ್ಕ ಎಂದು ಭುವನ್ ಕೇಳಿದ. ಹನ್ನೊಂದು ಎಂದ ಯೋಗೀಶ್. ಭುವನ್ ನಗುತ್ತಾ ಹಾಡು ಬರೆಯುವ ಪುಸ್ತಕ ತೆರೆದು, ಕಿಟಕಿಯಾಚೆ ತೆಂಗಿನ ಸಾಲು ಶುರುವಾದದ್ದನ್ನೂ ನೋಡದೆ, ಹನ್ನೊಂದಕ್ಕೆ ಹೊಂದುವ ಮೊದಲ ಪದ ಹುಡುಕತೊಡಗಿದ.