ತಟ್ಟೆ ಇಳಿದ ದಿನ ಜೀಪಿನಲ್ಲಿ ಹೋದವನು

ಕಣ್ಣಾರೆ ಕಂಡೆ ಎಂದು ಹೇಳಿದವನು ನಾನೇ. ಅದಕ್ಕೆ ವಿಡಿಯೋ ಇದೆ, ಎರಡು ಲಕ್ಷ ಮಂದಿ ನೋಡಿದ್ದಾರೆ, ಇನ್ನು ಇಲ್ಲವೆನ್ನುವ ದಾರಿಯಿಲ್ಲ.

ಹೋದ ಶ್ರಾವಣದಲ್ಲಿ ಯಾವುದೋ ಯೂಟ್ಯೂಬ್ ಚಾನೆಲ್ಲಿನವರು ಗುಲ್ಬರ್ಗಾದ ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದಿದ್ದರು. ನನ್ನನ್ನು ಸೋಫಾದ ಮೇಲೆ ಕೂರಿಸಿ, ಅಂಗಿಗೆ ಮೈಕು ಸಿಕ್ಕಿಸಿ, ‘೧೯೮೪ರಲ್ಲಿ ಮಹಾಗಾಂವದಲ್ಲಿ ಹಾರುವ ತಟ್ಟೆ ಇಳಿದದ್ದನ್ನು ಲೋಕಕ್ಕೆ ತಿಳಿಸಿದವರು ಇವರೇ, ಹಿರಿಯ ಪತ್ರಕರ್ತ ಜಯತೀರ್ಥ’ ಎಂದು ಪರಿಚಯ ಮಾಡಿಕೊಟ್ಟರು. ನಿವೃತ್ತ ಪತ್ರಕರ್ತನನ್ನು ಮನೆಯವರೂ ಮಾತಾಡಿಸುವುದಿಲ್ಲ. ಯಾರಾದರೂ ಮಾತಾಡಿಸಿದರೆ ಅವನು ನಿಲ್ಲಿಸುವುದೂ ಇಲ್ಲ. ಬೆಳ್ಳಗೆ ಹೊಳೆಯುವ ವಸ್ತು ಇಳಿದದ್ದು, ಸರ್ಕಾರಿ ಜೀಪು ಬಂದದ್ದು, ಹೊಲದ ಜೋಳ ಸುಟ್ಟು ಗುಂಡಗೆ ಗುರುತು ಬಿದ್ದದ್ದು, ಎಲ್ಲ ಹೇಳಿದೆ. ಕೊನೆಗೆ ಹುರುಪಿನಲ್ಲಿ, ಆ ವಸ್ತುವಿನ ಜೊತೆ ಊರಿನ ಒಬ್ಬ ಮನುಷ್ಯನನ್ನೂ ಜೀಪಿಗೆ ಹಾಕಿಕೊಂಡು ಹೋದರು, ನಾನೇ ಕಣ್ಣಾರೆ ಕಂಡೆ ಎಂದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೆಂಡತಿ ಶುಭದಾ ಬಾಗಿಲಲ್ಲಿ ನಿಂತು ಕೂಗಿದಳು.

“ಅಹೋ, ಯಾರೋ ಹೆಣ್ಣುಮಗಳು ಬಂದಾಳ ನೋಡ್ರಿ. ಕಮಲಾಪುರದಿಂದಂತ.”

ಬಂದವಳಿಗೆ ನಲವತ್ತರ ಆಸುಪಾಸು. ಹೆಸರು ಪ್ರಿಯದರ್ಶಿನಿ, ಅಂಗನವಾಡಿ ಶಿಕ್ಷಕಿ. ಹೆಗಲಿಗೆ ಬಟ್ಟೆಯ ಚೀಲ, ಚೀಲದ ತುಂಬ ಕಾಗದ. ಕೊಟ್ಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಪೀಠಿಕೆಯಿಲ್ಲದೆ ಶುರುಮಾಡಿದಳು.

“ಸರ, ನೀವು ಜೀಪಿನ್ಯಾಗ ನೋಡಿದ ಮನಷ್ಯಾ ನಮ್ಮಪ್ಪ ರೀ. ದೇವಾನಂದ ಅಂತ. ಆಗ ನಾ ಅವ್ವನ ಹೊಟ್ಟ್ಯಾಗ ಇದ್ದೆ.”

ಅವಳು ಚೀಲ ಬಿಚ್ಚಿ ಟೀಪಾಯಿಯ ಮೇಲೆ ಕಾಗದ ಹರವಿದಳು. ಹದಿನಾಲ್ಕು ವರ್ಷದಿಂದ ಮಾಹಿತಿ ಹಕ್ಕಿನಲ್ಲಿ ಹಾಕಿದ ಅರ್ಜಿಗಳು, ಅವಕ್ಕೆ ಬಂದ ಉತ್ತರಗಳು. ಒಂದು ಕಚೇರಿ ಇನ್ನೊಂದಕ್ಕೆ ವರ್ಗಾಯಿಸಿದೆ, ಅದು ಮತ್ತೊಂದಕ್ಕೆ. ಎಲ್ಲರೂ ಕೊನೆಗೆ ಬರೆದದ್ದು ಒಂದೇ ಸಾಲು: ‘ಸದರಿ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’ ಎಲ್ಲದರ ಮೇಲೆ, ಪ್ಲಾಸ್ಟಿಕ್ ಹೊದಿಸಿಕೊಂಡ ನನ್ನ ಹಳೆಯ ವರದಿ. ಮೂರು ಕಾಲಂ. ‘ಮಹಾಗಾಂವದಲ್ಲಿ ಹಾರುವ ತಟ್ಟೆ: ಸರ್ಕಾರದ ಮೌನವೇಕೆ?’

“ವಕೀಲರು ಹೇಳ್ಯಾರ್ರೀ, ಕಣ್ಣಾರೆ ಕಂಡವರು ಒಬ್ಬರು ಅಫಿಡವಿಟ್ ಕೊಟ್ರ ಕೋರ್ಟಿಗಿ ಹಾಕಬಹುದಂತ. ಅಪ್ಪನ್ನ ಎಲ್ಲಿ ಇಟ್ಟಾರ, ಇದ್ದಾನೋ ಇಲ್ಲೋ, ಸರ್ಕಾರ ಬಾಯಿ ಬಿಡಬೇಕಾಗ್ತದ. ನೀವೊಂದು ಸಹಿ ಹಾಕ್ರಿ ಸರ, ಸಾಕು. ಅವ್ವ ಇನ್ನಾ ದಾರಿ ಕಾಯಾಕತ್ಯಾಳ.”

ನಿಜ ಹೇಳಿಬಿಡುತ್ತೇನೆ. ನಾನು ಮಹಾಗಾಂವಕ್ಕೆ ಹೋಗಿಯೇ ಇರಲಿಲ್ಲ. ಆಗ ನನಗೆ ಇಪ್ಪತ್ನಾಲ್ಕು ವರ್ಷ, ಕಮಲಾಪುರದಿಂದ ಸುದ್ದಿ ಕಳಿಸುವ ಬಿಡಿ ವರದಿಗಾರ. ಸುದ್ದಿ ಹುಡುಕುವುದೆಂದರೆ ಬಸ್ ನಿಲ್ದಾಣದ ಎದುರು ಅಲ್ಲಾವುದ್ದೀನನ ಹೋಟೆಲಿನಲ್ಲಿ ಕೂತು ಬಂದ ಬಂದ ಬಸ್ಸಿನ ಕಂಡಕ್ಟರುಗಳನ್ನು ಮಾತಾಡಿಸುವುದು. ಜಗಳ, ಅಪಘಾತ, ಬೆಂಕಿ, ಎಲ್ಲ ಅವರ ಬಾಯಿಂದಲೇ ಬರುತ್ತಿತ್ತು, ಹೆಚ್ಚಿನಂಶ ನಿಜವೂ ಆಗಿರುತ್ತಿತ್ತು. ಆ ದಿನ ಒಬ್ಬ ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಹೇಳಿದ: ಮಹಾಗಾಂವದ ಹೊಲದಲ್ಲಿ ಬಿಳೀ ತಟ್ಟೆಯಂಥದ್ದು ಬಿದ್ದಿದೆ, ಜೀಪಿನವರು ಬಂದು ಎತ್ತಿಕೊಂಡು ಹೋದರು, ಜೊತೆಗೆ ಒಬ್ಬ ಮನುಷ್ಯನನ್ನೂ. ಅಷ್ಟು ಹೇಳಿ ಸೀಟಿ ಊದಿದ, ಬಸ್ಸು ಹೊರಟಿತು.

ಹೋಗಿ ನೋಡಿ ಬರಬಹುದಿತ್ತು. ಹೋಗಿದ್ದರೆ ಸಂಜೆಯ ಟಪಾಲು ತಪ್ಪುತ್ತಿತ್ತು. ಗುಲ್ಬರ್ಗಾದ ಒಂದು ಸರ್ಕಾರಿ ಕಚೇರಿಗೆ ಫೋನು ಹಚ್ಚಿದೆ. ಊಟದ ಹೊತ್ತು, ಯಾರೂ ಎತ್ತಲಿಲ್ಲ. ಊರಿನ ಒಬ್ಬನನ್ನು ಸರ್ಕಾರದವರು ಒಯ್ದರೆಂದೂ, ‘ಮಾಹಿತಿ ನೀಡಲು ಅಧಿಕಾರಿಗಳು ನಿರಾಕರಿಸಿದರು’ ಎಂದೂ ಬರೆದೆ. ಸುಟ್ಟ ಜೋಳ ಪೂರ್ತಿ ನನ್ನದೇ ಸೃಷ್ಟಿ. ತಟ್ಟೆ ಎಂದಮೇಲೆ ಗುರುತು ಬೀಳಬೇಕಲ್ಲ. ಆ ವರದಿ ನೋಡಿಯೇ ಪತ್ರಿಕೆಯವರು ನನ್ನನ್ನು ಕಾಯಂ ಮಾಡಿಕೊಂಡರು. ಮುಂದೆ ಮೂವತ್ತೈದು ವರ್ಷ ಎಲ್ಲಿ ಹೋದರೂ ‘ತಟ್ಟೆ ಜಯತೀರ್ಥ’ ಎಂದು ಕರೆಯುತ್ತಿದ್ದರು. ನನಗದು ಹಿಡಿಸುತ್ತಿತ್ತು.

ಎದುರಿಗೆ ಆ ಹೆಣ್ಣುಮಗಳು ಪೆನ್ನು ತೆಗೆದು ಹಿಡಿದುಕೊಂಡಿದ್ದಳು.

“ಸಹಿ ಮಾಡೂಕಿಂತ ಮೊದಲ ಆ ಜಾಗಾ ಇನ್ನೊಮ್ಮೆ ನೋಡಬೇಕವಾ” ಎಂದೆ. ಆ ‘ಇನ್ನೊಮ್ಮೆ’ ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ನನಗೇ ಹೇಸಿಕೆ ಬಂತು.

ಭಾನುವಾರ ಹೊರಟೆವು. ನನ್ನ ಬಲಗಾಲಿನ ಮೊಣಕಾಲು ಹೋಗಿ ವರ್ಷವಾಯಿತು. ಸೇಡಂ ರಸ್ತೆಯ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ, ಬಸ್ಸಿಗೆ ಮೆಟ್ಟಿಲಿಲ್ಲದಂತೆ ಮಾಡುವುದು ಅವರ ಕೈಯಲ್ಲಿಲ್ಲ. ಮಹಾಗಾಂವ ಕ್ರಾಸಿನಲ್ಲಿ ಇಳಿದು, ಟೆಂಪೋ ಹಿಡಿದು ಊರೊಳಗೆ ಹೋಗುವಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಪ್ರಿಯದರ್ಶಿನಿ ಮಾತ್ರ ಮದುವೆಗೆ ಹೊರಟವಳ ಹಾಗೆ ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು.

“ಕಾಶಿರಾಯ ಕಾಕಾ ಆ ದಿನ ಅಲ್ಲೇ ಇದ್ದ. ನಾ ಐದಾರು ಸಲ ಕೇಳೀನ್ರೀ” ಎಂದಳು. “ಜೀಪಿನ್ಯಾಗ ಹ್ವಾದ ಅಂತಾನ, ಅದರ ಮ್ಯಾಲ ಒಂದು ಮಾತಾಡಂಗಿಲ್ಲ. ಅಂಜಿಸ್ಯಾರಂತ ಕಾಣ್ತದ.”

ಕಾಶಿರಾಯ ಆಗ ಊರಿನ ವಾಲೀಕಾರ, ಸರ್ಕಾರದವರು ಯಾರೇ ಬಂದರೂ ಅವರ ಮುಂದೆ ಓಡಾಡುವ ಕೆಲಸ. ಈಗ ಎಂಬತ್ತರ ಹತ್ತಿರ. ಬೇವಿನ ಕಟ್ಟೆಯ ಮೇಲೆ ಕೂತಿದ್ದವನು ನನ್ನ ಹೆಸರು ಕೇಳಿ ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಪ್ರಿಯದರ್ಶಿನಿಯ ಕಡೆ ತಿರುಗಿದ.

“ಯವ್ವಾ, ನಿಮ್ಮ ಕಾಕಿ ನಿನ್ನ ನೆನಸಾಕತ್ತಿದ್ಲು. ಹೋಗಿ ಮಾತಾಡಿಸಿ ಬಾ.”

ಅವಳು ಓಣಿ ದಾಟುವವರೆಗೂ ಅವನು ಬಾಯಿ ತೆರೆಯಲಿಲ್ಲ.

“ನೀವ ಏನ್ರೀ ಪೇಪರಿನವರು? ಅವತ್ತು ನಿಮ್ಮನ್ನ ನಾ ನೋಡಿಲ್ಲಲ್ಲ.”

“ಬಂದಿದ್ದಿಲ್ಲ” ಎಂದೆ. ನಲವತ್ತು ವರ್ಷದಲ್ಲಿ ಈ ಮಾತು ಹೇಳಿದ್ದು ಅದೇ ಮೊದಲು. ಹೇಳಿದ್ದಕ್ಕೆ ಹಗುರವೇನೂ ಆಗಲಿಲ್ಲ, ಸುಸ್ತಾಯಿತು.

ಅವನು ಮಾತ್ರ ಸಲೀಸಾಗಿ ಹೇಳಿದ. ಬಿದ್ದದ್ದು ದೊಡ್ಡ ಬಲೂನು. ಹೈದರಾಬಾದಿನ ಕಡೆಯಿಂದ ವಿಜ್ಞಾನದವರು ಗಾಳಿ ಅಳೆಯಲು ಬಿಟ್ಟದ್ದು. ಮುಂಜಾನೆ ಸೂರ್ಯ ಹುಟ್ಟುವ ಮೊದಲೇ ಮೇಲೆ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತಂತೆ, ಹೊತ್ತೇರುವಷ್ಟರಲ್ಲಿ ಹೊಲಕ್ಕೆ ಬಿತ್ತು, ಬೆನ್ನು ಹತ್ತಿದ್ದ ಅವರ ಜೀಪೂ ಹಿಂದೆಯೇ ಬಂತು. ಕೆಳಗೆ ಒಂದು ಪೆಟ್ಟಿಗೆ ತೂಗುತ್ತಿತ್ತು. ಅದರ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ‘ಅಪಾಯವಿಲ್ಲ, ತೆರೆಯಬೇಡಿ’ ಎಂದು ಬರೆದಿತ್ತು. ನಾನು ಇಡೀ ರಾಜ್ಯಕ್ಕೆ ಹಂಚಿದ ಸರ್ಕಾರಿ ರಹಸ್ಯ ಪೆಟ್ಟಿಗೆಯ ಮೈಮೇಲೆ ಅಚ್ಚಾಗಿತ್ತು.

“ಪ್ಲಾಸ್ಟಿಕ್ ನಾವ ಹರಕೊಂಡ್ವಿ ರೀ. ಆರು ವರ್ಷ ಬಣವಿಗಿ ಹೊಚ್ಚಿದ್ದೆ. ಚಲೋ ಮಾಲು.”

“ದೇವಾನಂದ?”

ಕಾಶಿರಾಯ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ.

“ಪೆಟ್ಟಿಗಿ ಎತ್ತಾಕ ನಾಕ ಮಂದಿ ಬೇಕಂದ್ರು. ಅಂವಾ ಎತ್ತಿದ. ಎತ್ತಿ ಆದ ಮ್ಯಾಲ, ಹೈದರಾಬಾದ ತನಕ ನಾನೂ ಬರ್ತೀನ್ರೀ ಅಂದ. ಜಾಗಾ ಇಲ್ಲಪ್ಪಾ ಅಂದ್ರು ಅವರು. ಕೈಕಾಲು ಬಿದ್ದು ಹತ್ತಿ ಕುಂತ. ಬಗಲಾಗ ಬಟ್ಟಿ ಗಂಟಿತ್ತು ರೀ. ಮನಿಯಿಂದನ ಕಟಗೊಂಡು ಬಂದಿದ್ದ.”

“ಯಾರೂ ಒಯ್ಯಲಿಲ್ಲ?”

“ಯಾರ ಒಯ್ತಾರ? ತಾನ ಹ್ವಾದ.”

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ಪೇಪರಿನ್ಯಾಗ ಬಂದಿತ್ತಲ್ರೀ! ಅದರ ಮುಂದ ನನ್ನ ಮಾತು ಯಾರು ಕೇಳ್ತಾರ? ಮ್ಯಾಲ ಮಾಳಮ್ಮ ಬಸುರಿ. ಗಂಡ ಬಿಟ್ಟು ಹ್ವಾದ ಅನ್ನೂದಕಿಂತ ಸರ್ಕಾರ ಒಯ್ತು ಅಂದ್ರ ಮರ್ಯಾದಿ. ಊರವರೆಲ್ಲಾ ಅದನ್ನ ಹಿಡಕೊಂಡ್ರು. ನಿಮ್ಮ ಸುದ್ದೀಲೆ ನಮಗ ಬಾಳ ಉಪಕಾರ ಆತ್ರೀ.”

ಅವನು ನಕ್ಕ. ನನಗೆ ನಗು ಬರಲಿಲ್ಲ.

ಕ್ರಾಸಿನಲ್ಲಿ ಕಮಲಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಪ್ರಿಯದರ್ಶಿನಿಗೆ ಎಲ್ಲ ಹೇಳಿದೆ. ಹೇಳದೆ ಇರಲು ಬೇಕಾದಷ್ಟು ದಾರಿಗಳಿದ್ದವು. ಇನ್ನೊಂದು ಅರ್ಜಿ ಹಾಕು ಎನ್ನಬಹುದಿತ್ತು, ಅದರಲ್ಲೇ ಎರಡು ವರ್ಷ ಕಳೆಯುತ್ತಿತ್ತು. ಅಷ್ಟರಲ್ಲಿ ನಾನೇ ಇರುತ್ತೇನೋ ಇಲ್ಲವೋ. ಅವಳ ಇಸ್ತ್ರಿ ಸೀರೆ ನೋಡಿ ಆಗಲಿಲ್ಲ.

ಅವಳು ಅಳಲಿಲ್ಲ. ಚೀಲವನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು.

“ಹದಿನಾಕು ವರ್ಷ ಸರ. ಸಾಲಿ ಬಿಟ್ಟ ಮ್ಯಾಲ ದಿನಾ ಕುಂತು ಬರದೀನಿ. ಗಂಡ ಬೈದ, ಬಿಡಲಿಲ್ಲ. ಇಡೀ ಸರ್ಕಾರ ನಮಗ ಸುಳ್ಳು ಹೇಳಾಕತ್ತದಂತ ತಿಳಿದಿದ್ದೆ.” ತಲೆಯೆತ್ತಿ ನನ್ನನ್ನು ನೋಡಿದಳು. “ಸುಳ್ಳು ಹೇಳಿದವರು ನೀವೊಬ್ಬರ ರೀ.”

ಹೌದು ಎಂದೆ.

“ನನಗ ಹೇಳಿದ್ರ ನಡಿಯಂಗಿಲ್ಲ. ಅವ್ವಗ ನೀವ ಹೇಳಬೇಕು.”

ಕಮಲಾಪುರದಲ್ಲಿ ಮಾಳಮ್ಮ ತಮ್ಮನ ಮನೆಯ ಮುಂದಿನ ಖೋಲಿಯಲ್ಲಿ ಇದ್ದಾಳೆ. ಗಂಡ ಹೋದ ವರ್ಷವೇ ಕೂಸನ್ನು ಎತ್ತಿಕೊಂಡು ಇಲ್ಲಿಗೆ ಬಂದವಳು. ಅರವತ್ತು ದಾಟಿದರೂ ಹಣೆ ತುಂಬ ಕುಂಕುಮ, ನೆಟ್ಟಗಿನ ಬೆನ್ನು. ನನ್ನನ್ನು ಕಂಡಕೂಡಲೇ ಎದ್ದು ನಿಂತಳು. ಗಂಡನನ್ನು ಕಟ್ಟಕಡೆಗೆ ಕಂಡ ಮನುಷ್ಯ ಎಂಬ ಮರ್ಯಾದೆ ಅದು. ಕೆಂಪು ಬಾಳೆಹಣ್ಣು ತಂದು ತಾನೇ ಸುಲಿದು ಕೈಗೆ ಕೊಟ್ಟಳು. ಅದನ್ನು ಹಿಡಿದುಕೊಂಡೇ ನಾನು ಎಲ್ಲ ಹೇಳಬೇಕಾಯಿತು. ಬಲೂನು, ಪೆಟ್ಟಿಗೆ, ಕಂಡಕ್ಟರು, ನಾನು ಹೋಗದೆ ಇದ್ದದ್ದು, ಬಟ್ಟೆಯ ಗಂಟು. ಮುಚ್ಚಿಡಲು ಏನೂ ಉಳಿಸಿಕೊಳ್ಳಲಿಲ್ಲ.

ಮಾಳಮ್ಮ ಗೋಡೆಗೆ ಒರಗಿ ಕೂತು ಕೇಳಿದಳು.

“ನಮ್ಮ ಮನಿ ಮುಂದಿಂದನ ಜೀಪ ಹೋಗಿತ್ತು” ಎಂದಳು. “ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ. ಸಪ್ಪಳ ಕೇಳಿತ್ತು. ಎದ್ದು ಬರೂದ್ರಾಗ ಧೂಳ ಅಷ್ಟ ಇತ್ತು.” ಬಾಗಿಲ ಕಡೆ ನೋಡಿದಳು. “ಮನಿ ದಾಟೂಮುಂದ ತಿರುಗಿ ನೋಡ್ಯಾನೇನ್ರೀ ಅಂವಾ?”

“ಗೊತ್ತಿಲ್ಲ ಮಾಳಮ್ಮನವರ. ನಾ ಕೇಳಲಿಲ್ಲ.”

“ಆಗೂ ಕೇಳಲಿಲ್ಲ, ಈಗೂ ಕೇಳಲಿಲ್ಲ” ಎಂದಳು. “ಹೋಗಿ ಕೇಳಿ ಬರ್ರಿ.”

ಪ್ರಿಯದರ್ಶಿನಿ “ಅವ್ವಾ, ಅವರ ಕಾಲು ನೋಡು” ಎಂದಳು. ಮಾಳಮ್ಮ ನನ್ನ ಕಾಲನ್ನು ನೋಡಲಿಲ್ಲ. ನಾನು ಎದ್ದೆ.

ಒಬ್ಬನೇ ಮತ್ತೆ ಬಸ್ಸು, ಮತ್ತೆ ಕ್ರಾಸು, ಮತ್ತೆ ಟೆಂಪೋ. ಮೊಣಕಾಲು ಉರಿಯುತ್ತಿತ್ತು. ನನ್ನ ಕಸುಬಿನಲ್ಲಿ ಒಂದು ಮಾತು ಕೇಳಲೆಂದೇ ಒಂದು ಊರಿಗೆ ಹೋದದ್ದು ನೆನಪಿಲ್ಲ. ಕಾಶಿರಾಯ ಅದೇ ಕಟ್ಟೆಯ ಮೇಲಿದ್ದ. ಏನು ಮರೆತಿರಿ ಎಂದ. ಕೇಳಿದೆ.

“ನೋಡಿದ್ನಲ್ರೀ” ಎಂದ ಕೂಡಲೇ. “ಕ್ರಾಸಿನ ತನಕ ದಾರಿ ತೋರಸಾಕ ನಾನೂ ಹಿಂದ ಕುಂತಿದ್ದೆ. ಮಾಳಮ್ಮನ ಮನಿ ಹತ್ರ ಎರಡು ಸಲ ತಿರುಗಿ ನೋಡಿದ.”

ನನಗೆ ಎಷ್ಟು ಸಂತೋಷವಾಯಿತೆಂದರೆ ಅವನ ಕೈ ಹಿಡಿದುಕೊಂಡೆ.

“ಮನಿ ಕಡೆನ?”

“ಮನಿ ಕಡೆ ಯಾಕ? ಅಲ್ಲಿ ದಾರಿ ತೆಗ್ಗು ಇತ್ತು ರೀ. ಹಿಂದಿನ ಪೆಟ್ಟಿಗಿ ಮ್ಯಾಲ ಕಣ್ಣಿಡಪ್ಪಾ, ಬಿದ್ದೀತು ಅಂದಿದ್ರು ಜೀಪಿನವರು. ಅದಕ್ಕ ನೋಡಿದ. ಪಾಪ, ಬಾಳ ಕಾಳಜಿಲೆ ನೋಡಿದ.”

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸುದ್ದಿಯನ್ನು ಬರೆದುಕೊಂಡೆ, ಮನಸ್ಸಿನಲ್ಲೇ. ‘ಮನೆ ದಾಟುವಾಗ ಎರಡು ಸಲ ತಿರುಗಿ ನೋಡಿದ.’ ಒಂದು ಅಕ್ಷರವೂ ಸುಳ್ಳಲ್ಲ. ಕಣ್ಣಾರೆ ಕಂಡವನೇ ಹೇಳಿದ್ದು. ಇಷ್ಟಕ್ಕೇ ಪೂರ್ಣವಿರಾಮ ಹಾಕಿದರೆ ಒಬ್ಬ ಹೆಂಗಸು ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯುತ್ತಾಳೆ. ಜೀವನದಲ್ಲಿ ನಾನು ಬರೆದ ಒಳ್ಳೆಯ ವಾಕ್ಯ ಅದೇ ಆಗುತ್ತಿತ್ತು.

ಮಾಳಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಮಗಳು ಹಿಂದೆ ನಿಂತಿದ್ದಳು.

“ಎರಡು ಸಲ ತಿರುಗಿ ನೋಡಿದನಂತ” ಎಂದೆ.

ಅವಳ ಮುಖ ಅರಳಿತು. ಇಪ್ಪತ್ತರ ಹರೆಯದಲ್ಲಿ ಹೇಗಿದ್ದಳೆಂದು ನನಗೆ ಒಂದು ಕ್ಷಣ ಕಾಣಿಸಿತು. ಕೈ ಹೋಗಿ ಸೆರಗು ಸರಿಮಾಡಿಕೊಂಡಿತು. ಅಲ್ಲಿಗೇ ಬಿಟ್ಟು ಬರಬೇಕೆಂದು ನನ್ನ ಜೀವ ಹಾತೊರೆಯಿತು. ಆದರೆ ಅವಳು ಇನ್ನು ಮುಂದೆ ಈ ಎರಡು ನೋಟವನ್ನು ಹಿಡಿದುಕೊಂಡು ಮತ್ತೆ ದಾರಿ ಕಾಯುತ್ತಾಳೆ ಎಂಬುದೂ ಹೊಳೆಯಿತು.

“ಮನಿ ಕಡೆ ಅಲ್ಲ, ಮಾಳಮ್ಮನವರ. ಪೆಟ್ಟಿಗಿ ಬಿದ್ದೀತಂತ ನೋಡ್ಯಾನ.”

ಪ್ರಿಯದರ್ಶಿನಿ ಮುಖ ತಿರುಗಿಸಿದಳು. ಮಾಳಮ್ಮ ರಸ್ತೆಯ ಕಡೆ ತಿರುಗಿದಳು, ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಕೇಳಿದಳು.

“ಇಷ್ಟು ಹೇಳಾಕ ನಲವತ್ತು ವರ್ಷ ಬೇಕಾತೇನ್ರೀ?”

ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಳು.