ಹಿಮದ ಮೇಲಿನ ಚುಕ್ಕಿ

ಷಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಇಡೀ ದಿನ ಡ್ರೈವ್ ಮಾಡಿಕೊಂಡು ಮಿಷಿಗನ್‌ನ ಉತ್ತರದ ಸ್ಕೀ ಹಳ್ಳಿಗೆ ಬಂದು ತಲುಪಿದರೆ, ಶಾರದಮ್ಮ ಕಾರಿನೊಳಗಿಂದಲೇ ಕತ್ತೆತ್ತಿ ನೋಡಿ, ಇದಕ್ಕೆ ಬೆಟ್ಟ ಅಂತಾರಾ, ನಮ್ಮ ಚಾಮುಂಡಿ ಬೆಟ್ಟದ ಅರ್ಧವೂ ಇಲ್ಲವಲ್ಲ ಎಂದು ಮೂಗು ಮುರಿದರು. ಅಳಿಯ ಹೃಷೀಕೇಶ ನಕ್ಕ. ಮಗಳು ಭಾನುವಿಗೆ ಜೀವ ಹಗುರಾಯಿತು. ಅಮ್ಮ ಹೀಗೆ ಆಡಿಕೊಂಡು ಎಷ್ಟು ತಿಂಗಳಾಗಿತ್ತೋ.

ಏಪ್ರಿಲ್‌ನಲ್ಲಿ ಸ್ಟ್ರೋಕ್ ಆದಮೇಲೆ ಅವರ ಮಾತು, ನಡಿಗೆ ಎಲ್ಲ ಮರಳಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ. ಚಮಚದಲ್ಲಿ ಊಟ ಮಾಡುವುದಕ್ಕೆ ಅವರು ಬೇಸರಪಡಲಿಲ್ಲ. ರಂಗೋಲಿ ತಪ್ಪಿಹೋಯಿತಲ್ಲ, ಅದಕ್ಕೆ ಒಳಗೊಳಗೇ ಕೊರಗಿದರು. ಪುಡಿ ಚಿಟಿಕೆಗೆ ಸಿಗದಿದ್ದರೆ ಎಳೆ ಎಲ್ಲಿಂದ ಬರಬೇಕು? ಭಾನು ಪ್ಲಾಸ್ಟಿಕ್ ರಂಗೋಲಿ ತಂದು ಬಾಗಿಲಿಗೆ ಅಂಟಿಸಿದಳು. ಅವರು ಆ ಬಾಗಿಲ ಕಡೆ ನೋಡುವುದನ್ನೇ ಬಿಟ್ಟರು.

ಈಗ ಧನುರ್ಮಾಸ. ಸೂರ್ಯ ಹುಟ್ಟುವ ಮುಂಚೆ ಪೂಜೆ, ಹುಗ್ಗಿ ಆಗಬೇಕು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಏಳುವುದೇ ಎಂಟರ ಮೇಲೆ, ಹಾಗಾಗಿ ಸೋಮಾರಿಗಳಿಗೂ ಪುಣ್ಯ. ಭಾನು ಹೆಸರುಬೇಳೆ, ಮೆಣಸಿನ ಜೊತೆ ರಂಗೋಲಿ ಪುಡಿಯನ್ನೂ ಕಟ್ಟಿಕೊಂಡು ಬಂದಿದ್ದಳು. ಬೆಳಿಗ್ಗೆ ಬಾಡಿಗೆ ಮನೆಯ ಒಲೆಯ ಮೇಲೆ ಹುಗ್ಗಿಗಿಟ್ಟು, ಅಜ್ಜಿಯ ಬದಲು ನೀನು ಹಾಕು ಎಂದು ಮಗಳು ತನಿಷಾಳನ್ನು ಹೊರಗೆ ಕಳಿಸಿದಳು. ಹುಡುಗಿ ದೀಪದ ಬೆಳಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಉದುರಿಸಿದ್ದೇ ಉದುರಿಸಿದ್ದು. ಅಜ್ಜಿ ಕುತೂಹಲ ತಡೆಯಲಾರದೆ ಬೂಟು ಹಾಕಿಕೊಂಡು ಬಾಗಿಲಿಗೆ ಬಂದರು.

"ಅಜ್ಜಿ, ಇಟ್ಸ್ ಇನ್‌ವಿಸಿಬಲ್," ಎಂದಳು ತನಿಷಾ, ಅಳುಮೋರೆ ಮಾಡಿಕೊಂಡು.

ಬಿಳಿ ಹಿಮದ ಮೇಲೆ ಬಿಳಿ ಪುಡಿ. ಇಂಜಿನಿಯರಿಂಗ್ ಓದಿದ ಭಾನುವಿಗೆ ಇಷ್ಟು ಹೊಳೆದಿರಲಿಲ್ಲ ನೋಡಿ. ಶಾರದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ, ಗೋಡೆಗೆ ಒರಗಿಸಿದ್ದ ಅಳಿಯನ ಸ್ಕೀ ಕೋಲನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದೇಬಿಟ್ಟರು. ಜಾರಿದರೆ ಗತಿಯೇನೆಂದು ಭಾನು ಕೋಟು ಹಿಡಿದುಕೊಂಡು ಓಡಿಬಂದಳು. ಅಷ್ಟರಲ್ಲಿ ಕೋಲು ಹಿಮಕ್ಕೆ ಇಳಿದಿತ್ತು. ಒಂದು ಚುಕ್ಕಿ, ಅದರ ಪಕ್ಕಕ್ಕೆ ಇನ್ನೊಂದು, ಆಮೇಲೆ ಸಾಲಿಗೆ ಸಾಲು. ಮುಷ್ಟಿಗೆ ಆ ಎರಡು ಬೆರಳುಗಳ ಹಂಗಿರಲಿಲ್ಲ.

ಕೋಲು ತಲೆಕೆಳಗು ಮಾಡಿ, ಎಡಗೈ ಆಸರೆ ಕೊಟ್ಟು ಎಳೆ ಎಳೆಯತೊಡಗಿದರು. ಕೋಲು ಜಾರಿ ಒಂದು ಎಳೆ ಸೊಟ್ಟಗಾಯಿತು. ಭಾನು ಒಂದು ಹೆಜ್ಜೆ ಮುಂದಿಟ್ಟಳು. ಅಮ್ಮ ಕೋಲು ಎಸೆದು ಒಳಗೆ ಹೋಗಿಬಿಟ್ಟರೆ? ಶಾರದಮ್ಮ ಬೂಟುಗಾಲಿನಿಂದ ಆ ಎಳೆಯನ್ನು ಮುಚ್ಚಿ, ಮತ್ತೆ ಎಳೆದರು. ತಾವರೆ ಅರಳಿತು. ತನಿಷಾ ನಡುವೆ ಅರಿಸಿನ ಕುಂಕುಮ ಇಟ್ಟಳು.

ಆಮೇಲೆ ನೋಡಿದರೆ, ಹಿಮ ಬೀಳಲು ಶುರುವಾಯಿತು. ಹುಡುಗಿ ಕೊಡೆ ತರಲು ಓಡಿದಳು. ಅಜ್ಜಿ ತಡೆದರು.

"ಬಿಡು ಪುಟ್ಟಿ, ಮುಚ್ಚಿಹೋಗ್ಲಿ. ನಾಳೆ ಬೇರೆ ಹಾಕ್ತೀನಿ."

ಭಾನುವಿಗೆ ಕಣ್ಣು ತುಂಬಿಬಂತು. ಕೋಟು ಹೊದಿಸುವ ನೆಪದಲ್ಲಿ ಅಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಬಿಡೇ," ಅಂದರು ಶಾರದಮ್ಮ, "ಒಳಗೆ ಹುಗ್ಗಿ ತಳ ಹಿಡೀತಿದೆ."